ನಾನು ಉಳಿಸಿದ ವಾಡೆ

ಹಾಳುಬಿದ್ದ ಕಟ್ಟಡಗಳ ಚೆಲುವನ್ನು ಕಾಣಬಲ್ಲ ಕಣ್ಣು ಎಲ್ಲರಿಗೂ ಇರುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಹುಡುಕಿದರೂ ಅಂಥ ಕಣ್ಣು ನನ್ನೊಬ್ಬನಿಗೇ ಇದೆ ಎಂಬುದು ಆ ಕಾಲದಲ್ಲಿ ನನ್ನ ದೃಢವಾದ ನಂಬಿಕೆ. ನನ್ನ ಹೆಂಡತಿ ನೀಲಮ್ಮ ಇದನ್ನು ಒಪ್ಪುತ್ತಿದ್ದಳು. ಇನ್ನೊಬ್ಬರಿಗೂ ಇದ್ದಿದ್ದರೆ ಅವರ ಸಂಸಾರ ನಡೆಯುತ್ತಿರಲಿಲ್ಲ ಎಂಬುದು ಅವಳ ಕಾರಣ.

ನಾನಾಗ ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಶಾಲೆಯ ಮಾಸ್ತರ. ಕಾಲುವೆ ನೀರು ಬಂದು ಎರಡನೇ ವರ್ಷ. ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚಲು ಹೊಲ ಕೆತ್ತಿ ಮಟ್ಟ ಮಾಡಿದ್ದರು. ಮೇಲಿನ ಒಳ್ಳೆಯ ಮಣ್ಣು ಅಡಿಗೆ ಹೋಗಿ ಅಡಿಯ ಉಪ್ಪುಪ್ಪಾದ ಸವುಳು ಮಣ್ಣು ಮೇಲೆ ಬಂದಿತ್ತು. ಹೀಗಾಗಿ ಊರಿಗೆ ಊರೇ ಗೊಬ್ಬರ ಗೊಬ್ಬರ ಎಂದು ಜಪ ಮಾಡುತ್ತಿತ್ತು. ನಮ್ಮ ಹಿತ್ತಲೂ ಅದೇ ಜಾತಿ. ನೀಲಮ್ಮ ಮೂರು ಸಲ ಬದನೆ ಸಸಿ ಹಚ್ಚಿದ್ದಳು, ಮೂರು ಸಲವೂ ಒಣಗಿದ್ದವು. ಒಂದು ಬುಟ್ಟಿ ಕುರಿಗೊಬ್ಬರ ತನ್ನಿರೆಂದು ಅವಳು ಕಳಿಸಿದಾಗಲೆಲ್ಲ ನಾನು ಖಾಲಿ ಬುಟ್ಟಿ ಹಿಡಿದು ಹೊರಟು, ಸಂಜೆಗೆ ಖಾಲಿ ಬುಟ್ಟಿಯೊಂದಿಗೇ ಮರಳುತ್ತಿದ್ದೆ.

ನನ್ನ ದಾರಿ ತಪ್ಪಿಸುತ್ತಿದ್ದದ್ದು ಊರಾಚೆಯ ಹಾಳು ವಾಡೆ. ಯಾವುದೋ ಕಾಲದ ದೇಸಾಯರ ಮನೆ. ವಂಶ ತೀರಿ, ಮಾಳಿಗೆ ಕುಸಿದು, ದಪ್ಪ ಮಣ್ಣಿನ ಗೋಡೆಗಳೂ ಕಾವಲಿಗೆಂದು ಕಟ್ಟಿದ ಬುರುಜಿನಂಥ ಒಂದು ಎತ್ತರದ ದುಂಡನೆಯ ಹುಡೇವೂ ಮಾತ್ರ ಉಳಿದಿದ್ದವು. ಬಾಗಿಲಿಲ್ಲದ ಬಾಗಿಲಿನಿಂದ ಇಳಿಬಿಸಿಲು ಒಳಗೆ ಬಂದು ಪಡಸಾಲೆಯಲ್ಲಿ ಕೂತುಬಿಡುತ್ತಿತ್ತು. ಗೋಡೆಯ ಮೇಲೆ ಯಾರೋ ಸಾರಿಸಿದ ಐದು ಬೆರಳಿನ ಗುರುತು. ದೀಪದ ಗೂಡಿನಲ್ಲಿ ಇನ್ನೂ ಎಣ್ಣೆಮಸಿ. ಯಾವ ಹೆಣ್ಣುಮಗಳು ದಿನಾ ಸಂಜೆ ಹಚ್ಚಿದ ದೀಪದ ಕಪ್ಪೋ ನನ್ನ ಬೆರಳಿಗೆ ಹತ್ತಿತಲ್ಲ ಎಂದು ನನ್ನ ಕಣ್ಣು ತುಂಬಿ ಬರುತ್ತಿತ್ತು. ಆ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮನೆಗೆ ಹೋದರೆ ನೀಲಮ್ಮನ ಕಣ್ಣೂ ತುಂಬುತ್ತಿತ್ತು. ಧೋತರ ಒಗೆಯುವವಳು ಅವಳು.

ಆ ವಾಡೆ ಮಳೆಗಾಲಕ್ಕಿಷ್ಟು ಕರಗುತ್ತಿತ್ತು. ಇದನ್ನು ಉಳಿಸದೆ ಸಾಯಬಾರದು ಎಂದು ತೀರ್ಮಾನಿಸಿ, ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯ ಸಾಹೇಬರಿಗೆ ನಾಲ್ಕು ಪುಟದ ಅರ್ಜಿ ಬರೆದೆ. ಅವರಿಂದ ನಾಲ್ಕು ಸಾಲಿನ ಉತ್ತರ ಬಂತು. ಜೀಪು ಹೋಗುವ ದಾರಿ ಇದೆಯೇ? ಊರವರ ಒಪ್ಪಿಗೆ ಇದೆಯೇ? ಕಟ್ಟಡ ಎಷ್ಟು ಹಳೆಯದು?

ದಾರಿ ಇರಲಿಲ್ಲ. ವಾಡೆಯ ಸುತ್ತ ಜಾಲಿಮುಳ್ಳು ಕೋಟೆ ಕಟ್ಟಿತ್ತು. ಆಡುಗಳೂ ನಾನೂ ಮಾತ್ರ ತೂರುತ್ತಿದ್ದೆವು. ಪಕ್ಕದ ಮನೆಯ ರೈತ ಶರಣಪ್ಪನಿಗೆ ಮುಳ್ಳಿನ ಕಟ್ಟಿಗೆಯ ಆಸೆ ತೋರಿಸಿ ಕಡಿಯಲು ಒಪ್ಪಿಸಿದೆ. ಜೀಪು ಎಷ್ಟು ಅಗಲ ಇರುತ್ತದೆಂದು ಇಬ್ಬರಿಗೂ ಗೊತ್ತಿಲ್ಲ.

"ಬಂಡಿ ಹೋದ್ರ ಜೀಪೂ ಹೋಗತೈತಿ ಬಿಡ್ರಿ ಮಾಸ್ತರ" ಎಂದ ಶರಣಪ್ಪ.

ಬಂಡಿ ಸಲೀಸಾಗಿ ಹೋಗುವಂಥ ದಾರಿ ತಯಾರಾಯಿತು. ನಾನೇ ಮುಂದೆ ನಿಂತು ಕಲ್ಲು ಆರಿಸಿ ಹಾಕಿಸಿದೆ.

ಒಪ್ಪಿಗೆಯ ಮಾತು ಬಂದಾಗ ಊರವರು ಹಿಂದೆ ಸರಿದರು. ವಾಡೆಯಲ್ಲಿ ದೇಸಾಯರ ಹಿರಿಸೊಸೆ ದೆವ್ವವಾಗಿ ಇದ್ದಾಳೆ, ಅಲ್ಲಿಯ ಹಿಡಿ ಮಣ್ಣು ಮುಟ್ಟಿದರೂ ಬೆನ್ನು ಹತ್ತುತ್ತಾಳೆ ಎಂಬುದು ಅವರ ಭಯ. ವಿದ್ಯಾವಂತನಾದ ನಾನು ಈ ಮೂಢನಂಬಿಕೆಯನ್ನು ಬೇರುಸಹಿತ ಕೀಳಲು ನಿರ್ಧರಿಸಿದೆ. ಅಮಾವಾಸ್ಯೆಯ ದಿನ ನಡುಮಧ್ಯಾಹ್ನ ರೊಟ್ಟಿ ಗಂಟಿನೊಂದಿಗೆ ಒಬ್ಬನೇ ಹೋಗಿ, ಪಡಸಾಲೆಯಲ್ಲಿ ಕೂತು ಉಂಡೆ. ಉಂಡ ಮೇಲೆ ಹುಡೇವಿನ ನೆರಳಿನಲ್ಲಿ ಅಡ್ಡಾದೆ. ತಂಪು ಗಾಳಿ, ನಿದ್ದೆ ಹತ್ತಿಬಿಟ್ಟಿತು. ನಾನು ಎಷ್ಟು ಹೊತ್ತಾದರೂ ಬಾರದ್ದು ಕಂಡು ಮಾಸ್ತರ ಹೋದರು ಎಂದು ಊರು ಕೂಡಿತಂತೆ. ಹತ್ತಿರ ಬರಲು ಧೈರ್ಯ ಮಾಡಿದವಳು ನೀಲಮ್ಮ ಒಬ್ಬಳೇ.

"ಸತ್ತಿಲ್ಲ, ಗೊರಕಿ ಹೊಡ್ಯಾಕತ್ತಾರ" ಎಂದು ಅವಳು ಊರಿಗೆ ಸಾರಿದಳು.

ಆ ಗೊರಕೆಗೆ ಹೆದರಿ ದೆವ್ವ ಅವತ್ತೇ ಊರು ಬಿಟ್ಟಿತು. ಇಷ್ಟು ವರ್ಷ ಆ ವಾಡೆಗೆ ಪುಕ್ಕಟೆ ಕಾವಲು ಮಾಡಿಕೊಂಡಿದ್ದವಳನ್ನು ನಾನೇ ಓಡಿಸಿದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಇನ್ನು ಉಳಿದದ್ದು ವಯಸ್ಸು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಕರೆದೆ. ಇನ್ನೂರು ವರ್ಷ ಎನ್ನಬೇಕೆಂದಿದ್ದೆ. ಇನ್ನೂರಕ್ಕೆಲ್ಲ ಸಾಹೇಬರು ಜೀಪು ಹತ್ತಲಿಕ್ಕಿಲ್ಲ ಅನ್ನಿಸಿ ನಾಲ್ಕುನೂರು ಎಂದೆ. ಭಾಷಣ ತಾನಾಗಿಯೇ ಏರಿತು. ಅದನ್ನು ಬರೀ ಮಣ್ಣೆಂದು ತಿಳಿಯಬೇಡಿ, ಎಷ್ಟು ತಲೆಮಾರಿನ ಒಲೆಗಳ ಬೂದಿ, ಎಷ್ಟು ಎತ್ತು ಎಮ್ಮೆಗಳ ಸಗಣಿ, ಎಷ್ಟು ಬಾವಲಿಗಳ ಹಿಕ್ಕೆ ಅದರಲ್ಲಿ ಬೆರೆತು ಒಂದಾಗಿದೆ ಎಂದೆಲ್ಲ ಬಣ್ಣಿಸಿದೆ. ಮುಂದಿನ ಸಾಲಿನ ರೈತರು ಇನ್ನಷ್ಟು ಮುಂದಕ್ಕೆ ಸರಿದು ಕೂತರು. ನಮ್ಮ ಜನರಲ್ಲಿ ಇತಿಹಾಸಪ್ರಜ್ಞೆ ಜಾಗೃತವಾಯಿತೆಂದು ನನ್ನ ಎದೆ ಉಬ್ಬಿತು.

ಶರಣಪ್ಪ ಎದ್ದು ನಿಂತ. "ಮಾಸ್ತರ, ನಾಕನೂರು ವರ್ಷದ್ದು ಅನ್ನೋದು ಖರೇ ಏನ್ರಿ?"

"ಆಣಿ ಮಾಡಿ ಹೇಳ್ತೀನಿ."

"ಬೂದಿ, ಸಗಣಿ ಎಲ್ಲಾ ಅದರಾಗ ಕೂಡೈತಿ?"

"ಗೋಡಿ ಗೋಡ್ಯಾಗ ಐತಿ, ಶರಣಪ್ಪ."

ಒಬ್ಬರೂ ತಕರಾರು ಮಾಡದೆ ಒಪ್ಪಿಗೆಯ ಅರ್ಜಿಗೆ ದಸ್ಕತ್ತು, ಹೆಬ್ಬೆಟ್ಟು ಹಾಕಿದರು. ನಾನು ಅದನ್ನು ಅಂಚೆಗೆ ಹಾಕಿ, ಬೇಸಿಗೆಯ ತರಬೇತಿಗೆಂದು ಹದಿನೈದು ದಿನ ಲಿಂಗಸುಗೂರಿಗೆ ಹೋದೆ.

ನಾನು ಬಜಾರದಲ್ಲಿ, ಬಟ್ಟೆ ಅಂಗಡಿಯ ಮನೆಯಲ್ಲಿ ಬೆಳೆದವನು. ಬಿದ್ದ ಹಳೆಯ ಮನೆಗಳ ಮಣ್ಣಿಗೆ ರೈತರು ಹಾಳುಮಣ್ಣು ಎನ್ನುತ್ತಾರೆ, ಬೇಸಿಗೆಯಲ್ಲಿ ಬಿಡುವಾದಾಗ ಅದನ್ನು ಬಂಡಿಗೆ ಹೇರಿ ಹೊಲಕ್ಕೆ ಚೆಲ್ಲುತ್ತಾರೆ, ಮಣ್ಣು ಹಳೆಯದಾದಷ್ಟೂ ಬೆಳೆ ಹುಲುಸು ಎಂಬುದೆಲ್ಲ ನನಗೆ ಯಾರು ಹೇಳಬೇಕು? ನೀಲಮ್ಮ ಹೇಳಬಹುದಿತ್ತು. ಅವಳು ರೈತರ ಮಗಳು. ಆದರೆ ನಾನು ಅವಳನ್ನು ಏನನ್ನಾದರೂ ಕೇಳಿದ್ದು ಯಾವಾಗ?

ತರಬೇತಿ ಮುಗಿಸಿ ಬಸ್ಸಿಳಿದು ನೋಡಿದರೆ ಹುಡೇವು ಇರಬೇಕಾದ ಕಡೆ ಆಕಾಶ ಇತ್ತು. ಓಡಿದೆ. ನಾನು ಮಾಡಿಸಿದ ಜೀಪಿನ ದಾರಿಯ ತುಂಬ ಬಂಡಿಯ ಗಾಲಿ ಕೊರೆದ ಗೆರೆಗಳು. ವಾಡೆಯ ಜಾಗವನ್ನು ಅಂಗಳ ಗುಡಿಸಿದಂತೆ ಗುಡಿಸಿ ಒಯ್ದಿದ್ದರು. ಬಾಗಿಲಿದ್ದ ಕಡೆ ಕೂತುಬಿಟ್ಟೆ. ನಗುವವರು ನಗಲಿ, ಅವತ್ತು ನಾನು ನಿಜವಾಗಿ ಅತ್ತೆ. ಮಳೆಗೇ ಬಿಟ್ಟಿದ್ದರೆ ಅದು ಪೂರ್ತಿ ಕರಗಲು ಇನ್ನೂ ನೂರು ವರ್ಷ ಬೇಕಾಗುತ್ತಿತ್ತು.

ಜಗಳಕ್ಕೆಂದು ಶರಣಪ್ಪನ ಮನೆಗೆ ಹೋದರೆ ಅವನು ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. ನಾನು ದಾರಿ ಮಾಡಿಸದಿದ್ದರೆ, ದೆವ್ವ ಬಿಡಿಸದಿದ್ದರೆ, ಮಣ್ಣಿನ ಗುಣ ಬಿಡಿಸಿ ಹೇಳದಿದ್ದರೆ ಊರ ಹೊಲಗಳ ಗತಿ ಏನಾಗುತ್ತಿತ್ತೆಂದು ಗದ್ಗದಿತನಾದ.

"ನಿಮ್ಮ ಉಪಕಾರ ಮರಿಯಂಗಿಲ್ರಿ. ಮೊದಲನೇ ಬಂಡಿ ನಿಮ್ಮ ಹಿತ್ತಲಕ್ಕ ಹಾಕೀವಿ."

ಮನೆಗೆ ಬಂದೆ. ನೀಲಮ್ಮ ಹಿತ್ತಲಲ್ಲಿ ನಾಲ್ಕನೇ ಸಲ ಬದನೆ ಸಸಿ ಹಚ್ಚುತ್ತಿದ್ದಳು. ಅವಳ ಕೈಯಲ್ಲಿದ್ದ ಮಣ್ಣಿನ ಹೆಂಟೆಯ ಒಂದು ಮಗ್ಗುಲು ಕಪ್ಪಗಿತ್ತು. ಗೂಡಿನ ಮಸಿ! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅದನ್ನು ಮುಷ್ಟಿಯಲ್ಲಿ ಪುಡಿ ಮಾಡಿ ಸಸಿಯ ಬುಡಕ್ಕೆ ಒತ್ತಿದಳು. ಈ ಹಿತ್ತಲಿನ ಒಂದು ಕಾಯಿಯನ್ನೂ ನಾನು ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಅವಳು ಆಯಿತು ಎಂದು ನೀರು ಹಾಕಿದಳು.

ಆ ಗಿಡಗಳು ಬಂದ ಬಗೆಯನ್ನು ಹೇಳಲು ನನಗೆ ಈಗಲೂ ಸಂಕಟ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಯಿಯ ಭಾರಕ್ಕೆ ಕೊಂಬೆ ನೆಲ ಮುಟ್ಟಿದವು. ನೀಲಮ್ಮ ದಿನಾ ಶೇಂಗಾ, ಗುರೆಳ್ಳು ತುಂಬಿ ಎಣ್ಣೆಗಾಯಿ ಮಾಡುತ್ತಿದ್ದಳು. ನಾನು ದಿನಾ ಚಟ್ನಿಪುಡಿಯಲ್ಲಿ ರೊಟ್ಟಿ ಉಂಡು ಪ್ರತಿಭಟಿಸುತ್ತಿದ್ದೆ.

ಸಾಹೇಬರು ಮರೆತರೆಂದು ನಾನು ನೆಮ್ಮದಿಯಾಗಿದ್ದಾಗ ಒಂದು ಶನಿವಾರ ಕಾಗದ ಬಂತು. ಅವರು ಸೋಮವಾರ ಬರುತ್ತಿದ್ದರು. ಬಂದರು ಕೂಡ. ಊರ ಹೊರಗೆ ಕಲ್ಲು ಹಾಕಿದ ಇಂಥ ಒಳ್ಳೆಯ ದಾರಿ ಯಾವ ಹಳ್ಳಿಯಲ್ಲೂ ಕಂಡಿಲ್ಲ, ವಾಡೆಗೆ ಹೋಗುವುದು ಅದೇ ತಾನೇ ಎಂದು ಜೀಪಿನಿಂದ ಇಳಿಯುತ್ತಲೇ ಕೇಳಿದರು. ಮೊದಲು ಊಟವಾಗಲಿ ಎಂದು ನಾನು ಅವರನ್ನು ಒಳಗೆ ಕರೆದು ಕೂರಿಸಿದೆ.

ಸಾಹೇಬರು ಎಣ್ಣೆಗಾಯಿಯ ತಾರೀಫು ಮಾಡುತ್ತ ಮೂರು ರೊಟ್ಟಿ ಮುಗಿಸಿದರು. ಆಮೇಲೆ ಎಡಗೈಯಲ್ಲಿ ಡೈರಿ ಎಳೆದುಕೊಂಡು, "ವಾಡೆ ಇಲ್ಲಿಂದ ಎಷ್ಟು ದೂರ ಮಾಸ್ತರೇ?" ಎಂದರು.

ನಾನು ಚಟ್ನಿಪುಡಿಗೆ ಇನ್ನಷ್ಟು ಎಣ್ಣೆ ಹಾಕಿಕೊಂಡೆ. ಉತ್ತರ ಬಂದದ್ದು ಒಲೆಯ ಕಡೆಯಿಂದ.

"ದೂರ ಇಲ್ರಿ ಸಾಹೇಬ್ರ. ನಿಮ್ಮ ತಾಟಿನ್ಯಾಗ ಐತಿ."

ಇನ್ನು ಮುಚ್ಚಿಡುವುದೇನು? ದಾರಿ, ದೆವ್ವ, ಭಾಷಣ ಎಲ್ಲ ಹೇಳಿದೆ. ಸಾಹೇಬರು, ಇಷ್ಟನ್ನೂ ನೀವೊಬ್ಬರೇ ಮಾಡಿದಿರಾ ಎಂದು ಕೇಳಿದರು. ಹೌದು ಎಂದೆ. ಅವರು ಡೈರಿ ಮುಚ್ಚಿ ಪಕ್ಕಕ್ಕಿಟ್ಟು, ಇನ್ನೆರಡು ಬದನೆಕಾಯಿ ಹಾಕಮ್ಮ ಎಂದು ತಾಟು ಮುಂದೆ ಮಾಡಿದರು.

ಅವರಿಗೆ ಬಡಿಸಿದ ನೀಲಮ್ಮ ಸೌಟು ಹಿಡಿದು ನನ್ನ ಮುಂದೆ ಬಂದು ನಿಂತಳು. ಆ ಐದು ಬೆರಳು, ಆ ಗೂಡಿನ ಮಸಿ ಎಲ್ಲ ನನ್ನ ಕಣ್ಣ ಮುಂದೆ ಬಂದವು. ಚಟ್ನಿಪುಡಿಯನ್ನು ಬದಿಗೆ ಸರಿಸಿ ತಾಟು ಚಾಚಿದೆ.

ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಾಗಿತ್ತು. ಮತ್ತೆರಡು ಹಾಕಿಸಿಕೊಂಡೆ.