ಒಳಗೈತೆ ಅಂತ ಹೇಳಿಕೆ

ಓದುಗರೆಲ್ಲರಿಗೂ ನಮಸ್ಕಾರ. ನಾನು ಇಲವಾಲದಲ್ಲಿ ಹಿಟ್ಟಿನ ಮಿಲ್ಲು ನಡೆಸುವವನು. ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಜಾರಿ ಬಿದ್ದಿದ್ದರೆ ನೀವೇ ಎತ್ತಿ ನಿಲ್ಲಿಸಿಕೊಂಡು ಓದಿ, ಬೈಯಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿದ ಮೇಲೆ, ಪೂಜಾರಿ ಕೊಟ್ಟ ಎರಡು ತೆಂಗಿನ ಹೋಳನ್ನು ಅಲ್ಲೇ ನಿಂತು ಒಂದಕ್ಕೊಂದು ಜೋಡಿಸಿ, ಕೂಡುತ್ತೋ ಇಲ್ಲವೋ ಅಂತ ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಅಕ್ಕನ ಗಂಡ, ನಮ್ಮ ಭಾವ! ಒಂದು ಸಲ ಹೋಳುಗಳು ಕೂಡಲಿಲ್ಲ. ಭಾವ ಸೀದಾ ಗರ್ಭಗುಡಿಯ ಬಾಗಿಲಿಗೆ ಹೋದರು.

"ಸ್ವಾಮಿ, ಇದ್ರಲ್ಲಿ ಒಂದ್ ಅರ್ಧ ನಮ್ದಲ್ಲ."

"ದೇವರ ಮುಂದೆ ಎಲ್ಲಾ ಕಾಯೂ ಒಂದೇ ಯಜಮಾನ್ರೇ," ಅಂದರು ಪೂಜಾರಿ.

"ದೇವ್ರಿಗೆ ಒಂದೇ ಇರ್ಬೋದು. ಚಟ್ನಿಗೆ ಒಂದೇ ಆಯ್ತದಾ? ನಮ್ಮದು ಬಲ್ತಿದ್ದು, ಇದು ಎಳ್ಸು!"

ಭೂಮಿಯ ಮೇಲೆ ಇಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ ಅಂತ ನಾನು ಛಾಪಾ ಕಾಗದದ ಮೇಲೆ ಬೇಕಾದರೂ ಬರೆದುಕೊಡುತ್ತೇನೆ. ಆದರೆ ಭಾವ ಆ ಛಾಪಾ ಕಾಗದವನ್ನೂ ಬಿಸಿಲಿಗೆ ಹಿಡಿದು ನೋಡುತ್ತಾರೆ. ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. "ನನ್ ಹೆಸ್ರು ಹಾಕ್ಬೇಡ ಕಣ್ಲಾ, ಯಾರಾದ್ರೂ ಎತ್ಕೊಂಡೋಗಿ ಎಲ್ಲಾದ್ರೂ ಸೈನ್ ಹಾಕ್ಬುಡ್ತಾರೆ," ಅಂತ ತಾಕೀತು ಮಾಡಿದ್ದಾರೆ.

ಇವರಿಗೆ ಈ ಕಾಯಿಲೆ ಹತ್ತಿದ್ದು ಸಮುದ್ರದಲ್ಲಿ. ವಯಸ್ಸಿನಲ್ಲಿದ್ದಾಗ ಭಾವ ಒಂದು ಪುಟ್ಟ ದ್ವೀಪದೇಶದ ಬಂದರಿನಲ್ಲಿ ಕೆಲಸಕ್ಕಿದ್ದರು. ಯಾವ ದೇಶ ಅಂತಲೂ ಬರೆಯುವಂತಿಲ್ಲ! ಮ್ಯಾಪಿನಲ್ಲಿ ನೋಡಿದರೆ ನೊಣ ಕೂತು ಎದ್ದುಹೋದ ಗುರುತಿನಷ್ಟೇ ಇದೆ. ಅಲ್ಲಿ ಏನೂ ಬೆಳೆಯುವುದಿಲ್ಲವಂತೆ. ಅಕ್ಕಿ, ಈರುಳ್ಳಿ, ಮೊಟ್ಟೆ, ಸಿಮೆಂಟು, ಕೊನೆಗೆ ಮನೆ ಕಟ್ಟುವ ಜಲ್ಲಿಕಲ್ಲೂ ಹಡಗಿನಲ್ಲೇ ಬರಬೇಕು. ಬರುವ ಹಡಗುಗಳಿಗೋ ಒಂದೇ ಒಂದು ಕಟ್ಟೆ. ಒಂದು ಹಡಗು ಕಟ್ಟೆಗೆ ಅಂಟಿಕೊಂಡು ನಿಂತರೆ ಉಳಿದವೆಲ್ಲ ದೂರದಲ್ಲಿ ಲಂಗರು ಹಾಕಿಕೊಂಡು, ಕ್ಷೌರದ ಅಂಗಡಿಯಲ್ಲಿ ಕೂತವರ ಹಾಗೆ ಸರದಿ ಕಾಯಬೇಕು. ಕಾದು ಕಾದು ಸಾಕಾದವು ಅಲ್ಲಿಂದಲೇ ಚಪ್ಪಟೆ ದೋಣಿಗಳಿಗೆ ಸರಕು ಇಳಿಸಿ ಕಳಿಸುತ್ತವೆ. ಕಟ್ಟೆಯ ಹಿಂದಿನ ಅಂಗಳ ಭಾವನ ಮನೆ ಇರುವ ಕೆಸರೆಯ ಒಂದು ಆಟದ ಬಯಲಿನಷ್ಟು. ಅಷ್ಟರಲ್ಲೇ ಕಂಟೇನರ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಸೊಪ್ಪು, ಕೋಳಿ ತರುವ ತಂಪುಪೆಟ್ಟಿಗೆಗಳಿಗೆ ಕರೆಂಟಿನ ಪ್ಲಗ್ಗು ಚುಚ್ಚಬೇಕು. ಆಮೇಲೆ ಎಲ್ಲವನ್ನೂ ಮತ್ತೆ ಸಣ್ಣ ದೋಣಿಗಳಿಗೆ ತುಂಬಿ ಬೇರೆ ದ್ವೀಪಗಳಿಗೆ ಕಳಿಸಬೇಕು.

ಇದರಲ್ಲಿ ಭಾವನ ಕೆಲಸ ಏನು? ಎಣಿಸುವುದು! ಟ್ಯಾಲಿ ಕ್ಲರ್ಕ್. ಕ್ರೇನು ಬಲೆಯಲ್ಲಿ ಮೂಟೆ ಇಳಿಸುತ್ತದೆ, ಇವರು ಕೆಳಗೆ ನಿಂತು ಎಣಿಸಿ ಗೆರೆ ಹಾಕುತ್ತಾರೆ. ಪೆಟ್ಟಿಗೆಯಾದರೆ ಬಾಗಿಲಿನ ಸೀಲಿನ ನಂಬರನ್ನು ಕಾಗದದ ನಂಬರಿಗೆ ತಾಳೆ ನೋಡಿ ಸೈನ್ ಹಾಕುತ್ತಾರೆ. ಕಣ್ಣಲ್ಲಿ ನೋಡದೆ ಸೈನ್ ಹಾಕಿದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

ಒಂದು ದಿನ ಈರುಳ್ಳಿಯ ಪೆಟ್ಟಿಗೆ ಬಂತಂತೆ. ಕಾಗದದಲ್ಲಿ ಸೀಲಿನ ಕೊನೆಯ ಅಂಕಿ ಏಳು, ಸೀಲಿನ ಮೇಲೆ ಒಂದು! ಭಾವ ಎಲ್ಲ ಕೆಲಸ ನಿಲ್ಲಿಸಿಬಿಟ್ಟರು. ಕ್ರೇನು ನಿಂತಿತು, ಲಾರಿ ನಿಂತಿತು, ದೋಣಿಯವರು ಕೂಗಾಡಿದರು. ಇಡೀ ದೇಶದ ಸಾರಿಗೆ ಈರುಳ್ಳಿ ಒಗ್ಗರಣೆ ಇಲ್ಲ! ಅಧಿಕಾರಿ ಓಡಿ ಬಂದು ಬಗ್ಗಿ ನೋಡಿದರೆ, ಏಳರ ತಲೆಯ ಮೇಲೆ ಸಮುದ್ರದ ಹಕ್ಕಿ ಹಿಕ್ಕೆ ಹಾಕಿತ್ತು. ಒರೆಸಿದರು, ಏಳು ಕಾಣಿಸಿತು. "ಈಗ ಸರಿಯಾಯ್ತಾ?" ಅಂತ ಕೇಳಿದರು. ನಮ್ಮ ಭಾವ ಏನಂದರು ಗೊತ್ತಾ?

"ನಂಬರೇನೋ ಸರಿಯಾಯ್ತು. ಆ ಹಕ್ಕೀನ ಕಳಿಸ್ದೋರ್ ಯಾರು?"

ಆ ಬಂದರಿನಿಂದ ಭಾವ ಒಂದು ಮಾತನ್ನೂ ತಂದಿದ್ದಾರೆ. ಮುಚ್ಚಿದ ಪೆಟ್ಟಿಗೆಯ ಕಾಗದದಲ್ಲಿ 'ಇದರೊಳಗೆ ಈರುಳ್ಳಿ ಇದೆ' ಅಂತ ಬರೆಯುವುದಿಲ್ಲವಂತೆ. 'ಸೆಡ್ ಟು ಕಂಟೇನ್' ಅಂತ ಬರೆಯುತ್ತಾರಂತೆ. ಅಂದರೆ, ಕಳಿಸಿದವನು ಇದೆ ಅಂತ ಹೇಳಿದ್ದಾನೆ, ನಾವು ಕಂಡಿಲ್ಲ, ನಮಗೂ ಅದಕ್ಕೂ ಸಂಬಂಧವಿಲ್ಲ ಅಂತ! ಈ ಮಾತು ನಮ್ಮ ಭಾವನ ಬಾಯಲ್ಲಿ 'ಒಳಗೈತೆ ಅಂತ ಹೇಳಿಕೆ' ಆಯಿತು. ಜಗತ್ತಿನಲ್ಲಿರುವ ಎಲ್ಲದಕ್ಕೂ ಇದನ್ನೇ ಅಂಟಿಸುತ್ತಾರೆ. ಲೀಡರು ಭಾಷಣ ಮಾಡಿದರೆ "ತಲೆ ಒಳಗೆ ಬುದ್ಧಿ ಐತೆ ಅಂತ ಹೇಳಿಕೆ". ಬಸ್ಸು ಅರ್ಧ ದಾರಿಯಲ್ಲಿ ನಿಂತರೆ "ಡೀಸೆಲ್ ಐತೆ ಅಂತ ಹೇಳಿಕೆ".

ನನ್ನ ಮಗಳ ಮದುವೆಯಲ್ಲಿ ಭಾವನಿಗೆ ಉಗ್ರಾಣ ವಹಿಸಿದ್ದೆ. ತಪ್ಪು ನನ್ನದೇ. ಉಗ್ರಾಣಕ್ಕೆ ಅನುಮಾನದ ಮನುಷ್ಯನೇ ಸರಿ ಅಂತ ಬುದ್ಧಿವಂತಿಕೆ ಮಾಡಿದೆ! ಭಾವ ಲಾಡಿನ ಡಬ್ಬಗಳಿಗೆಲ್ಲ ತಂತಿ ಸುತ್ತಿ, ಅರಗು ಹಾಕಿ, ನಂಬರು ಕೆತ್ತಿ, ಆ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರು. ಮೊದಲನೇ ಪಂಕ್ತಿ ಕೂತಾಗ ಚೀಟಿ ಕಾಣಿಸಲಿಲ್ಲ. ಚೀಟಿಯಿಲ್ಲದೆ ತಾಳೆ ಇಲ್ಲ, ತಾಳೆಯಿಲ್ಲದೆ ಸೀಲು ಒಡೆಯುವ ಹಾಗಿಲ್ಲ! ಅಡುಗೆ ಭಟ್ಟರು ಕೈಮುಗಿದರು, ನಾನು ಕಾಲು ಹಿಡಿಯುವುದೊಂದು ಬಾಕಿ. ಎಲೆಯ ಮುಂದೆ ಕೂತಿದ್ದ ಬೀಗರು ಅಲ್ಲಿಂದಲೇ ಕೇಳಿದರು, "ಏನ್ ಸ್ವಾಮಿ, ಲಾಡು ಉಂಟೋ ಇಲ್ವೋ?"

ಉಗ್ರಾಣದ ಬಾಗಿಲಿಂದ ಭಾವ ಗಂಭೀರವಾಗಿ ಉತ್ತರ ಕೊಟ್ಟರು. "ಡಬ್ಬದೊಳಗೈತೆ ಅಂತ ಹೇಳಿಕೆ."

ಬೀಗರು ಇವತ್ತಿಗೂ ನಮ್ಮ ಮನೆಗೆ ಬಂದರೆ ತಟ್ಟೆಗೆ ಹಾಕಿದ ಲಾಡನ್ನು ಮುರಿದು ಒಳಗೆ ಬಗ್ಗಿ ನೋಡುತ್ತಾರೆ.

ಹೀಗಿದ್ದ ಭಾವನಿಗೆ ಎರಡು ವರ್ಷದ ಹಿಂದೆ ಬೇರೆ ಥರದ ಅನುಮಾನಗಳು ಶುರುವಾದವು. "ಪೇಪರ್ನೋರು ಇಂಕ್ ಉಳಿಸ್ತಾವ್ರೆ ಕಣ್ಲಾ, ಅಕ್ಷರನೇ ಮಾಸಲು." ಬಲ್ಬ್ ಮಾಡುವವರು ಬೆಳಕು ಕಮ್ಮಿ ತುಂಬಿಸುತ್ತಾರೆ. ಚಾಮುಂಡಿ ಬೆಟ್ಟವನ್ನು ಯಾರೋ ಹಿಂದಕ್ಕೆ ಸರಿಸಿದ್ದಾರೆ! ನಾವೆಲ್ಲ ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ.

ಒಂದು ಭಾನುವಾರ ಕೆಸರೆಯ ಅವರ ಮನೆಗೆ ಹೋಗಿದ್ದೆ. ಅಕ್ಕ ಇಡ್ಲಿ ಹಾಕಿಕೊಟ್ಟಳು. ಭಾವ ತಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು.

"ಎರಡೇ ಹಾಕಿದ್ಯಲ್ಲ? ತಮ್ಮ ಬಂದ ಅಂತ ನಂಗೆ ಕಟ್ಟಾ?"

"ಮೂರವೆ ಕಣ್ರೀ."

"ನಂಗೇ ಎಣಿಕೆ ಹೇಳ್ಕೊಡ್ತೀಯಾ? ಎರಡು!"

ಅಕ್ಕ ಅವರ ಬೆರಳು ಹಿಡಿದು ಒಂದೊಂದೇ ಇಡ್ಲಿಯ ಮೇಲೆ ಇಡಿಸಿದಳು. ಒಂದು. ಎರಡು. ಮೂರು. ಭಾವ ಬೆರಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಡಗಿನಷ್ಟು ಮೂಟೆ ಎಣಿಸಿದ ಮನುಷ್ಯ ಒಂದು ಇಡ್ಲಿಯನ್ನು ತಪ್ಪಿದ್ದರು. ಅವತ್ತು ಅವರು ಇಡ್ಲಿ ತಿನ್ನಲಿಲ್ಲ.

ಮಾರನೇ ದಿನ ಲಕ್ಷ್ಮೀಪುರಂನ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ನೋಡಿ, ಎರಡೂ ಕಣ್ಣಿನ ಪೊರೆ ಪೂರ್ತಿ ಬಲಿತಿದೆ, ಎಡಗಣ್ಣಿನ ಒತ್ತಡ ಬೇರೆ ಏರುತ್ತಿದೆ ಅಂದರು. "ಹದಿನೈದು ದಿನದೊಳಗೆ ಆಪರೇಷನ್ ಮಾಡಿಸ್ಬಿಡಿ. ಇನ್ನೂ ತಡ ಮಾಡಿದ್ರೆ ಆ ಕಣ್ಣು ಮತ್ತೆ ಬರಲ್ಲ." ಅಕ್ಕ ಸೆರಗಿನ ತುದಿ ಹಿಂಡುತ್ತ ನಿಂತಳು. ಆಪರೇಷನ್ನಿಗೆ ಒಪ್ಪಿಗೆ ಅಂತ ಒಂದು ಹಾಳೆ ಬಂತು. ಭಾವ ಅದನ್ನು ಮೂಗಿಗೆ ತಾಗಿಸಿ ನೋಡಿದರು. ಬರೀ ಮಂಜು.

"ನೋಡ್ದೆ ಸೈನ್ ಹಾಕಲ್ಲ."

"ಯಜಮಾನ್ರೇ, ನಿಮಗೆ ಕಾಣ್ಬೇಕು ಅಂದ್ರೆ ಆಪರೇಷನ್ ಆಗ್ಬೇಕು. ಆಪರೇಷನ್ ಆಗ್ಬೇಕು ಅಂದ್ರೆ ಸೈನ್ ಬೇಕು."

"ಅಂಗಾದ್ರೆ ಮೊದ್ಲು ಆಪರೇಷನ್ ಮಾಡಿ. ಆಮೇಲೆ ಓದಿ ಸೈನ್ ಹಾಕ್ತೀನಿ."

ನಾನು ಓದಿ ಹೇಳುತ್ತೇನೆ ಅಂತ ಹಾಳೆ ಇಸಿದುಕೊಂಡೆ. ಗಂಟಲು ಸರಿಮಾಡಿಕೊಂಡು ಒಂದೊಂದೇ ಸಾಲು ಓದುತ್ತ ಬಂದೆ. ಒಂದು ಕಡೆ 'ಅಪರೂಪಕ್ಕೆ ತೊಡಕಾಗಬಹುದು' ಅಂತ ಇತ್ತು. ಗಡಿಬಿಡಿಯಲ್ಲಿ ನಾನು 'ಅಪರೂಪಕ್ಕೆ ತೊಡೆಗಾಗಬಹುದು' ಅಂತ ಓದಿಬಿಟ್ಟೆ!

"ಕಣ್ಣು ಕೊಯ್ದ್ರೆ ತೊಡೆಗ್ಯಾಕ್ಲಾ ಆಯ್ತದೆ?" ಭಾವ ಎದ್ದು ನಿಂತರು.

ಡಾಕ್ಟರಮ್ಮ ನಗು ತಡೆದುಕೊಂಡು ಅದೇ ಸಾಲನ್ನು ಸರಿಯಾಗಿ ಓದಿದರು. ಅಲ್ಲಿಗೆ ಕೆಲಸ ಪೂರ್ತಿ ಕೆಟ್ಟಿತು. "ನೋಡ್ದಾ! ಒಂದೇ ಹಾಳೆ, ಇವ್ನು ಓದಿದ್ರೆ ಒಂದು, ಅವ್ರು ಓದಿದ್ರೆ ಇನ್ನೊಂದು! ತಾಳೆ ಆಗ್ದಿರೋ ಕಾಗ್ದಕ್ಕೆ ನನ್ ಜನ್ಮದಲ್ಲಿ ಸೈನ್ ಹಾಕಿಲ್ಲ. ನಡೀರಿ ಮನೆಗೆ."

ನನ್ನ ಒಂದು ಅಕ್ಷರದ ತಪ್ಪಿನಿಂದ ದಿನಗಳು ಹೋದವು. ನಾಲ್ಕು ದಿನ, ಏಳು ದಿನ, ಹತ್ತು ದಿನ. ನಾನು ಎರಡು ದಿನಕ್ಕೊಮ್ಮೆ ಮಿಲ್ಲು ಮುಚ್ಚಿ ಕೆಸರೆಗೆ ಹೋಗಿ ಬೇಡಿಕೊಂಡೆ. "ಕಣ್ ತೆಗ್ದು ಬೇರೆ ಹಾಕ್ಬುಟ್ರೆ?" ಅನ್ನುವುದೇ ಉತ್ತರ. ಹೇಗೆ ಒಪ್ಪಿಸುವುದು? ನೀವೇ ಹೇಳಿ!

ಹನ್ನೊಂದನೇ ದಿನ ಅಕ್ಕ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ರೀ, ನೀವ್ ಬಂದರಲ್ಲಿದ್ದಾಗ ಕಾಗ್ದ ಬರೀತಿದ್ರಲ್ಲ?"

"ಊಂ. ತಿಂಗ್ಳಿಗೊಂದು. ಅದಕ್ಕೇನೀಗ?"

"ನಂಗೆ ಓದಕ್ ಬತ್ತಿತ್ತಾ?"

ಭಾವ ಇಲ್ಲ ಅಂತ ತಲೆಯಾಡಿಸಿದರು.

"ಇವ್ನಿಗೆ ಬತ್ತಿತ್ತಾ?" ಅಂತ ನನ್ನ ಕಡೆ ತೋರಿಸಿದಳು. ಆಗ ನನಗೂ ಬರುತ್ತಿರಲಿಲ್ಲ. "ಪೋಸ್ಟ್‌ಮ್ಯಾನು ಜಗಲಿ ಮೇಲೆ ಕೂತ್ಕೊಂಡು ಓದೋರು. 'ನಾನು ಚೆನ್ನಾಗಿದೀನಿ, ನೀನು ಊಟ ಬುಡ್ಬೇಡ' ಅಂತ ಬರ್ದವ್ರೆ ಕಣಮ್ಮ ಅನ್ನೋರು. ಅದ್ರೊಳಗೆ ಅಂಗೇ ಇತ್ತೋ, ಅವ್ರೇ ಕಟ್ಟಿ ಹೇಳೋರೋ, ನಾನೇನ್ ಕಂಡೆ? ಅಷ್ಟ್ ವರ್ಷ ಅದ್ನೇ ನಂಬ್ಕೊಂಡು ಉಂಡೆ, ಮಲಗ್ದೆ, ಎದ್ದೆ. ನಿಮ್ ಕೈಲಿ ಒಂದ್ ಹಾಳೆ ನಂಬಕ್ಕಾಗಲ್ವಾ?"

ಅಕ್ಕ ಇನ್ನೊಂದು ಹಿಡಿ ಅವರೆಕಾಯಿ ಎಳೆದುಕೊಂಡಳು. ಭಾವ ಅಕ್ಕನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಮೆಲ್ಲಗೆ ಅಂದರು.

"ಊಟ ಬುಡ್ಬೇಡ ಅಂತ... ಅಂಗೇ ಬರ್ದಿದ್ದೆ ಕಣೆ."

ಮಾರನೇ ದಿನ ಆಸ್ಪತ್ರೆಯಲ್ಲಿ ಭಾವ ಪೆನ್ನು ಹಿಡಿದು, "ಎಲ್ ಹಾಕ್ಬೇಕು ತೋರ್ಸು," ಅಂತ ಕೈ ಚಾಚಿದ್ದು ನನ್ನ ಕಡೆಗಲ್ಲ, ಅಕ್ಕನ ಕಡೆಗೆ! ಅವಳಿಗೆ ಅಕ್ಷರ ಬಂದರಲ್ಲವೇ ಜಾಗ ಗೊತ್ತಾಗುವುದು? ಆದರೂ ಧೈರ್ಯವಾಗಿ ಅವರ ಕೈ ಹಿಡಿದು ಹಾಳೆಯ ನಟ್ಟನಡುವೆ ಇಟ್ಟಳು. ಸೈನು ಡಾಕ್ಟರು ಸೈನ್ ಹಾಕುವ ಜಾಗದಲ್ಲಿ ಬಿತ್ತು. ಡಾಕ್ಟರಮ್ಮ ಬದಿಯಲ್ಲಿದ್ದ ಖಾಲಿ ಜಾಗದಲ್ಲಿ ತಮ್ಮ ಸೈನ್ ಹಾಕಿಕೊಂಡರು.

ಮೊದಲು ಎಡಗಣ್ಣಿನ ಆಪರೇಷನ್ ಆಯಿತು. ಮಾರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ನಾನೂ ಅಕ್ಕನೂ ಎದುರಿಗೇ ನಿಂತಿದ್ದೆವು. ಡಾಕ್ಟರಮ್ಮ ಬೆರಳು ತೋರಿಸಿ ಎಷ್ಟು ಅಂತ ಕೇಳಿದರು. ಭಾವ ಅವರ ಬೆರಳ ಕಡೆ ನೋಡಲೇ ಇಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದರು. ಹಣೆಯಿಂದ ಗಲ್ಲದವರೆಗೆ, ಗಲ್ಲದಿಂದ ಹಣೆಯವರೆಗೆ. ಅಕ್ಕನಿಗೆ ನಾಚಿಕೆಯಾಗಿ ಸೆರಗು ಎಳೆದುಕೊಂಡಳು.

"ಏನ್ರೀ ಅಂಗ್ ನೋಡ್ತೀರಿ? ಸುಕ್ಕು ಎಣಿಸ್ತಿದ್ದೀರಾ?"

ಭಾವನ ಪಟ್ಟಿ ಬಿಚ್ಚಿದ ಕಣ್ಣಿನಿಂದಲೂ ಪಟ್ಟಿ ಇಲ್ಲದ ಕಣ್ಣಿನಿಂದಲೂ ನೀರು ಇಳಿಯಿತು.

"ಯಜಮಾನ್ರೇ, ಕಣ್ಣಿಗೆ ನೀರು ತಾಗಬಾರದು ಅಂದಿದ್ದೀನಲ್ಲ!" ಅಂತ ಡಾಕ್ಟರಮ್ಮ ಗದರಿದರು.

"ನಂದಲ್ಲ ಕಣಮ್ಮ," ಅಂದರು ಭಾವ. "ನಿಮ್ ನರ್ಸಮ್ಮ ಡ್ರಾಪ್ಸ್ ಜಾಸ್ತಿ ಬುಟ್ಟವ್ರೆ."

ನರ್ಸಮ್ಮ ಡ್ರಾಪ್ಸ್ ಬಾಟಲಿಯ ಮುಚ್ಚಳವನ್ನು ಇನ್ನೂ ತೆಗೆದೇ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಭಾವನ ಮಾತಿನ ಮೇಲೆ ಅನುಮಾನ ಬಂತು. ಆದರೆ ನಾನು ತಾಳೆ ನೋಡಲು ಹೋಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರ ಕಥೆಯನ್ನು ನನಗೂ ಬರೆದು ತಿಳಿಸಿ. ನಿಧಾನವಾಗಿಯಾದರೂ ಕೂತು ಪೂರ್ತಿ ಓದುತ್ತೇನೆ.