ಸತ್ತ ನಕ್ಷತ್ರಕ್ಕೆ ತಲೆಸ್ನಾನ

ಆಕಾಶ ನೋಡುವವರ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ, ನಗಬೇಕೋ ಹೆದರಬೇಕೋ ತಿಳಿಯದ ಸಂಗತಿಗಳೇ ನನಗೆ ಜಾಸ್ತಿಯಾಗಿವೆ. ಚಿಂತಾಮಣಿ ಕಡೆಯ ನಮ್ಮ ಹಳ್ಳಿಯ ಪಕ್ಕದ ಬಯಲಿನಲ್ಲಿ ಆಕಾಶದ ಸಿಗ್ನಲ್ ಹಿಡಿಯುವ ಅವರ ಆಂಟೆನಾಗಳಿವೆ. ಎಲ್ಲೋ ದೂರದಲ್ಲಿ ನಕ್ಷತ್ರವೊಂದು ಸಿಡಿದರೆ ಉಪಗ್ರಹ ಸುದ್ದಿ ಕೊಡುತ್ತದೆ; ದೇಶದೇಶದ ವೀಕ್ಷಣಾಲಯಗಳು ಒಟ್ಟಿಗೆ ಆ ದಿಕ್ಕಿಗೆ ತಿರುಗುತ್ತವೆ. ಆಗ ಇಲ್ಲಿನ ಸಾರ್ ನನಗೆ ಫೋನ್ ಮಾಡುತ್ತಾರೆ. ನಮ್ಮ ಬೀದಿಯ ಮೋಟಾರು, ಮಿಕ್ಸಿ, ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮಿಷಿನ್ ಎಲ್ಲ ನಿಲ್ಲಿಸುವುದು ನನ್ನ ಕೆಲಸ. ಅವು ಓಡಿದರೆ ಆಂಟೆನಾಕ್ಕೆ ಬರೀ ಗೊರಗೊರ. ಹತ್ತನೇ ಕ್ಲಾಸ್ ಓದಿದವಳಿಗೆ ಇದಕ್ಕಿಂತ ಒಳ್ಳೆ ಕೆಲಸ ಎಲ್ಲಿದೆ? ಬೀದಿಯಲ್ಲಿ ಕೂಗಾಡುವುದು ಮೊದಲೇ ಬರುತ್ತಿತ್ತು, ಈಗ ಅದಕ್ಕೆ ಸಂಬಳ.

೧. ಮಧ್ಯಾಹ್ನದ ಮಳೆ

ಮೊದಲ ಸಲ ಫೋನ್ ಬಂದದ್ದು ಮಟಮಟ ಮಧ್ಯಾಹ್ನ. ಓಡಾಡಿ ಎಲ್ಲ ಆಫ್ ಮಾಡಿಸಿದೆ. ಊರಿಗೆ ಊರೇ ಸತ್ತ ಹಾಗಾಯಿತು. ಆ ಮೌನದಲ್ಲಿ ಜೋರು ಮಳೆಯ ಸದ್ದು. ತಲೆ ಎತ್ತಿದರೆ ಸುಡುಬಿಸಿಲು. ಸದ್ದು ಬರುತ್ತಿದ್ದದ್ದು ಪಕ್ಕದ ಮನೆಯೊಳಗಿಂದ: ರೇಷ್ಮೆ ಹುಳುಗಳು ಸೊಪ್ಪು ಮೇಯುತ್ತಿದ್ದವು. ಹಗಲಿನ ಗದ್ದಲದಲ್ಲಿ ಅದು ಬೀದಿಗೆ ಕೇಳಿಸುವುದೇ ಇಲ್ಲ.

ಮಗಳು ನನ್ನ ಸೆರಗು ಹಿಡಿದುಕೊಂಡಳು. "ಅಮ್ಮಾ, ಎಲ್ರೂ ಸತ್ತೋದ್ರಾ?"

"ಇಲ್ಲ ಕಣಮ್ಮ, ಟೀವಿ ಆಫ್ ಆಗಿದೆ ಅಷ್ಟೆ."

೨. ಕತ್ತಿನ ಚಿನ್ನ

ಒಂದು ದಿನ ಸಾರ್ ನಮ್ಮ ಜಗಲಿಯಲ್ಲಿ ಕೂತು ನನ್ನ ಅತ್ತೆಗೆ ವಿವರಿಸಿದರು. "ಅಜ್ಜಿ, ನಾವು ಹಿಡಿಯೋದು ನಕ್ಷತ್ರ ಸಾಯೋ ಹೊತ್ತಿನ ಬೆಳಕು. ಭೂಮಿ ಹುಟ್ಟೋಕೆ ಮುಂಚೆನೇ ಸತ್ತಿರಬಹುದು. ಸುದ್ದಿ ಈಗ ಬರುತ್ತೆ."

"ನಮಗೂ ಅದಕ್ಕೂ ಏನಪ್ಪ ಸಂಬಂಧ?"

"ಇಲ್ದೆ ಏನು? ನಿಮ್ಮ ಸೊಸೆ ತಾಳಿಲಿರೋ ಚಿನ್ನ ಅಂಥದೇ ಸಾವಲ್ಲಿ ಹುಟ್ಟಿದ್ದು."

ಕತ್ತಿನ ಮೇಲೆ ಯಾರೋ ತಣ್ಣನೆಯ ಬೆರಳಿಟ್ಟ ಹಾಗಾಯಿತು ನನಗೆ. ಅತ್ತೆ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಮುಂದಿನ ಸಲ ಫೋನ್ ಬಂದಾಗ ಇಡೀ ಬೀದಿ ನಿಶ್ಶಬ್ದ. ನಮ್ಮ ಮನೆಯ ನೀರಿನ ಮೋಟಾರ್ ಒಂದೇ ಗುಂಯ್ ಎನ್ನುತ್ತಿತ್ತು. ಓಡಿ ಬಂದರೆ ಅತ್ತೆ ಬಚ್ಚಲಲ್ಲಿ.

"ಏನತ್ತೆ ಇದು!"

"ಸಾವಿನ ಸುದ್ದಿ ಕೇಳಿ ತಲೆಗೆ ನೀರು ಹಾಕ್ಕೊಳ್ದೆ ಇರಕ್ಕಾಗುತ್ತೇನೇ? ಸಂಬಂಧ ಐತೆ ಅಂತ ಅವರೇ ಹೇಳವ್ರೆ."

ಅಷ್ಟರಲ್ಲಿ ಸಾರ್ ಫೋನ್. "ಬೇರೆ ವೀಕ್ಷಣಾಲಯದವರೆಲ್ಲ ಚೆನ್ನಾಗಿ ಹಿಡಿದ್ರು, ನಮ್ಮದೊಂದೇ ಗೊರಗೊರ. ಇನ್ನೊಂದು ಸಲ ಹೀಗಾದ್ರೆ ನಿಮ್ಮ ಕೆಲಸ ಉಳಿಯಲ್ಲಮ್ಮ."

ಅತ್ತೆ ಸ್ನಾನ ಮಾಡಿದ ನೀರಿನಲ್ಲಿ ನನ್ನ ಸಂಬಳವೂ ಮೋರಿಗೆ ಹರಿಯುವ ಹಾಗಿತ್ತು.

೩. ಒದ್ದೆ ತಲೆಗಳು

ಅತ್ತೆಯನ್ನು ಬದಲಾಯಿಸುವುದಕ್ಕಿಂತ ಹಂಡೆ ತುಂಬಿಸಿಡುವುದು ಸುಲಭ. ದಿನಾ ಬೆಳಗ್ಗೆಯೇ ತುಂಬಿಸಿಟ್ಟೆ. ಅತ್ತೆ ಸುಮ್ಮನಿರುತ್ತಾರೆಯೇ? "ನಿಮ್ಮ ತಾಳಿನೂ ಅಲ್ಲಿಂದಲೇ ಬಂದಿದ್ದು" ಎಂದು ಬೀದಿಯ ಹೆಂಗಸರ ಹಂಡೆಗಳನ್ನೂ ತುಂಬಿಸಿದರು. ಹೀಗೆ ನಾವೆಲ್ಲ ನೀರು ತುಂಬಿಕೊಂಡು ಯಾವುದೋ ಸಾವಿಗೆ ಕಾದು ಕೂತೆವು.

ಫೋನ್ ಬಂತು. ಈ ಸಲ ಒಂದು ಮೋಟಾರೂ ಓಡಲಿಲ್ಲ. ಹುಳು ಮೇಯುವ ಸದ್ದು, ಮನೆಮನೆಯಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು, ಅಷ್ಟೇ.

ಸ್ವಲ್ಪ ಹೊತ್ತಿಗೆ ಸಾರ್ ತಾವೇ ಬಂದರು. ಬೀದಿಯುದ್ದಕ್ಕೂ ಹೆಂಗಸರು ಒದ್ದೆ ಕೂದಲು ಬಿಟ್ಟುಕೊಂಡು, ಮಾತಿಲ್ಲದೆ, ಬಾಗಿಲುಗಳಲ್ಲಿ ನಿಂತಿದ್ದರು. ಸಾರ್ ಮುಖ ಬಿಳಿಚಿಕೊಂಡಿತು.

"ಯಾರಮ್ಮ ಹೋಗಿಬಿಟ್ರು?"

"ನಿಮ್ಮ ನಕ್ಷತ್ರನೇ ಸಾರ್."

ಅವರಿಗೆ ಉಸಿರು ಬಂತು. "ಸಿಗ್ನಲ್ ಚೊಕ್ಕವಾಗಿ ಸಿಕ್ಕಿದೆ, ನಿಮ್ಮ ಕೆಲಸ ಉಳೀತು ಅಂತ ಹೇಳೋಣ ಅಂತ ಬಂದೆ" ಎನ್ನುತ್ತಾ ಒಳಗೆ ಕಾಲಿಡಲು ಹೋದರು. ಅತ್ತೆ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ಲಪ್ಪ. ಸಾವಿನ ಸುದ್ದಿ ಮೊದಲು ಬಂದಿದ್ದು ನಿನಗೆ. ಇನ್ನೂ ತಲೆಗೆ ನೀರು ಹಾಕ್ಕೊಂಡಿಲ್ವಾ?"