ಎರಡನೆಯ ನುಡಿಯ ನಡುಕ

ನನ್ನ ಹೆಂಡತಿ ಸಿದ್ದಗಂಗಮ್ಮನನ್ನು ನಾನು ಮೊದಲು ಕಂಡದ್ದು ಕೊಡಿಗೇನಹಳ್ಳಿಯ ಅವಳ ತವರಿನಲ್ಲಿ, ಹೆಣ್ಣು ನೋಡುವ ಶಾಸ್ತ್ರದ ದಿನ. ಕಂಡದ್ದು ಎನ್ನುವುದು ಅಷ್ಟು ಸರಿಯಲ್ಲ. ಹೊಸದಾಗಿ ಮೇಷ್ಟರಾಗಿದ್ದ ನಾನು ಮರ್ಯಾದೆಗೆ ಅಂಜಿ ಚಾಪೆಯ ಅಂಚನ್ನೇ ನೋಡುತ್ತ ಕುಳಿತಿದ್ದೆ. ಕೇಳಿದೆ ಎನ್ನಬಹುದು. ನಮ್ಮ ಸೋದರತ್ತೆ ಒಂದು ಹಾಡು ಹೇಳೆಂದರು. ನಲ್ಲನಿಗಾಗಿ ಕಾಯುವ ಹೆಣ್ಣಿನ ಹಾಡನ್ನು ಅವಳು ಹೇಳಿದಳು. ಎರಡನೆಯ ನುಡಿಯಲ್ಲಿ, ಆ ಹೆಣ್ಣು ದಾರಿ ನೋಡುವ ಕಡೆ, ದನಿ ನಡುಗಿತು. ಆ ನಡುಕ ನನ್ನ ಸಲುವಾಗಿಯೇ ಎಂದು ತಿಳಿದು ಅಲ್ಲೇ ಒಪ್ಪಿಬಿಟ್ಟೆ. (ಉಪ್ಪಿಟ್ಟು ಬರುವುದಕ್ಕೂ ಮೊದಲೇ.)

ಅಂದಿನಿಂದ ಅವಳು ಆ ಹಾಡು ಹೇಳಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ತಲೆ ತಗ್ಗಿಸಿದ ಹುಡುಗಿಯೊಬ್ಬಳು ನನಗಾಗಿ ನಡುಗುತ್ತಿದ್ದಳು. ಸಂಸಾರದ ಉಳಿದ ಸಂದರ್ಭಗಳಲ್ಲೆಲ್ಲ ನಡುಗುವವನು ನಾನೇ.

ಹೀಗಿರುವಲ್ಲಿ ಅವಳ ತಂಗಿಯ ಮಗ, ಶಿರಾದಲ್ಲಿ ಮದುವೆ ವಿಡಿಯೋ ತೆಗೆಯುವ ನವೀನ್ ಕುಮಾರ್, ರೆಕಾರ್ಡ್ ಮಾಡಿಕೊಂಡಿದ್ದ ದೊಡ್ಡಮ್ಮನ ಆ ಹಾಡಿಗೆ ಚಿತ್ರ ಹೊಂದಿಸಿ, ಭಾನುವಾರ ಮಧುಗಿರಿಗೆ ಬಂದು ನಮ್ಮ ಟಿವಿಯಲ್ಲೇ ಮೊದಲು ತೋರಿಸುತ್ತೇನೆಂದು ಫೋನು ಮಾಡಿದ. ಮೇಷ್ಟರಾಗಿ ನಾನು ಕಂಡದ್ದಿದೆ: ರಾಜನ ಮೇಲಿನ ಪದ್ಯ ಓದುವ ಮುನ್ನ ಹುಡುಗರು ಪುಸ್ತಕದ ಚಿತ್ರ ನೋಡಿಬಿಟ್ಟರೆ, ಆಮೇಲೆ ಎಷ್ಟು ರಾಗವಾಗಿ ಓದಿದರೂ ಅವರ ಕಣ್ಣಿಗೆ ಕಾಣುವವನು ಆ ಚಿತ್ರದ ರಾಜನೇ. ನನ್ನ ಹುಡುಗಿಯಿದ್ದ ಜಾಗಕ್ಕೆ ಕಪ್ಪು ಕನ್ನಡಕದ ಯಾವನೋ ಬೈಕೇರಿ ಬಂದರೆ ನನ್ನ ಗತಿಯೇನು?

"ನಾನದನ್ನ ನೋಡಲ್ಲ ಕಣೆ," ಎಂದೆ.

"ಯಾಕೆ, ಕಣ್ಣಿನ ಆಪರೇಶನ್ ಮಾಡ್ಸಿದ್ದು ಯಾತಕ್ಕೆ?"

"ಹಾಡು ಇರೋದು ಕೇಳೋಕೆ."

"ಮಗ ಅಷ್ಟು ದೂರದಿಂದ ಬತ್ತಾನೆ, ನೀವು ಮುಖ ತಿರುವ್ಕೊಂಡು ಕೂತ್ರೆ ನನ್ ತಂಗಿ ಏನಂದ್ಕೊಂಡಾಳು? ನೋಡ್ದಿದ್ರೆ ಇನ್ಮೇಲೆ ನಾನು ಆ ಹಾಡೇ ಹೇಳಲ್ಲ."

ನೋಡಿದರೂ ಹಾಡು ಹೋಯಿತು, ನೋಡದಿದ್ದರೂ ಹೋಯಿತು. ಇಂಥ ಧರ್ಮಸಂಕಟ ಶತ್ರುವಿಗೂ ಬೇಡ.

ಭಾನುವಾರ ಟಿವಿ ಹೊತ್ತಿತು. ಮೊದಲ ನುಡಿಯಲ್ಲಿ ಬಾವಿ, ಬೇವಿನ ಮರ, ಹಸಿರು ಲಂಗದ ಹುಡುಗಿ. ಪರವಾಗಿಲ್ಲ. ಎರಡನೆಯ ನುಡಿ ಹತ್ತಿರವಾಯಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ದನಿ ನಡುಗಿತು. ಟಿವಿಯ ತುಂಬ ಒಂದು ಮೇಕೆ. ಬಾಯಿ ತುಂಬ ಕಡಲೆಕಾಯಿ. ತಾಳ ತಪ್ಪದೆ ಅಗಿಯುತ್ತಿತ್ತು.

"ಲೇ ನವೀನಾ, ಹಾಡಿನಾಗೆ ಮೇಕೆ ಎಲ್ಲೈತೋ?"

"ನಾನು ಬೈಕೇ ಇಟ್ಟಿದ್ದೆ ದೊಡ್ಡಪ್ಪ. ಅಲ್ಲಿ ದನಿ ಯಾಕೆ ನಡುಗುತ್ತೆ ಅಂತ ಕೇಳ್ದೆ. ದೊಡ್ಡಮ್ಮ ಇದನ್ನ ಹೇಳುದ್ರು."

ಹೆಂಡತಿಯ ಕಡೆ ತಿರುಗಿದೆ.

"ಇನ್ನೇನ್ರೀ? ಅವತ್ತು ನೀವು ಚಾಪೆ ನೋಡ್ತಾ ಕೂತಿದ್ರಿ. ನಿಮ್ ಬೆನ್ನಿಂದೆ ಅಂಗಳದಾಗೆ ಬಿತ್ತನೆ ಕಡ್ಲೆಕಾಯಿ ಒಣಗಾಕಿದ್ವಿ. ಮೇಕೆ ನುಗ್ಬುಡ್ತು. ಏಳೋ ಅಂಗಿಲ್ಲ, ಹಾಡು ನಿಲ್ಸೋ ಅಂಗಿಲ್ಲ. ನಡುಗ್ದೆ ಇನ್ನೇನ್ ಮಾಡ್ಲಿ?"

"ಮತ್ತೆ... ನನ್ನನ್ನ ನೋಡಿ ಅಲ್ವಾ?"

"ನಿಮ್ಮನ್ನ ಯಾರು ನೋಡುದ್ರು ಬುಡಿ. ಮೇಕೆ ಓಡ್ಸಿ ಬಂದ್ಮೇಲೆ ನೋಡ್ದೆ. ಅಷ್ಟೊತ್ಗೆ ನೀವು ಒಪ್ಕೊಂಡ್ಬುಟ್ಟಿದ್ರಿ. ಅಂಗಳದ ಬಾಗ್ಲು ಹಾಕ್ದೆ ಒಳಕ್ಕೆ ಬಂದೋರೂ ನೀವೇ."

ನವೀನ ಕಳಿಸಿದ ವಿಡಿಯೋ ನೋಡಿದ ಪಾವಗಡ, ಕೊರಟಗೆರೆಯ ನೆಂಟರೆಲ್ಲ ಈಗ ಫೋನು ಮಾಡಿ "ಮೇಕೆ ಹಾಡು ಹೇಳಿ" ಎನ್ನುತ್ತಾರೆ. ಸಿದ್ದಗಂಗಮ್ಮ ದಿನವೂ ಹುರುಳಿಕಾಯಿ ಸೋಸುತ್ತ ಅದನ್ನೇ ಹಾಡುತ್ತಾಳೆ. ಕೇಳುವವರಿಗೆ ಇಷ್ಟವೆಂದು ನಡುಕವನ್ನು ಇನ್ನಷ್ಟು ಉದ್ದ ಎಳೆಯುತ್ತಾಳೆ. ನಾನು ಎಂದಿನಂತೆ ಕಣ್ಣು ಮುಚ್ಚಿ ಕೂರುತ್ತೇನೆ. ಹುಡುಗಿ ಬರುವುದಿಲ್ಲ. ಎರಡನೆಯ ನುಡಿ ಬಂದೊಡನೆ ಎದ್ದು ಹೊರಗೆ ಹೋಗಿ, ಗೇಟಿನ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತೇನೆ.